ಸ್ಥಿರ ಆವೃತ್ತಿ ಮತ್ತು ಪ್ರಯೋಗದ ಆವೃತ್ತಿ: ಲಿನಕ್ಸಿನಲ್ಲಿ ಎರಡರ ಸಹವಾಸ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಕೆಮ್ಮಣ್ಣುಗುಂಡಿ)

ಬಾಬಾಬುಡನ್ ಗಿರಿಯ ಸುತ್ತಿನ ಕಾಫಿ ತೋಟಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಹೊಸ ತಳಿಯೊಂದು ಬಂದಿತೆಂದು ಅನುಭವಸ್ಥನಾದ ಬೆಳೆಗಾರನು ತನ್ನ ಹಳೆಯ ತೋಟವನ್ನು ಒಂದೇ ಮಳೆಗಾಲದಲ್ಲಿ ಕಿತ್ತು ಹಾಕುವುದಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ಅರೇಬಿಕಾ ತಳಿಯು ಇಂದಿಗೂ ನಮ್ಮ ಜಿಲ್ಲೆಯ ಎಷ್ಟೋ ತೋಟಗಳ ಆಧಾರವಾಗಿದೆ. ಅದರ ಗುಣವೂ ಗೊತ್ತು, ಅವಗುಣವೂ ಗೊತ್ತು. 1980ರ ದಶಕದಲ್ಲಿ ಕಾವೇರಿ ಎಂಬ ತಳಿ ಬಂದಾಗ ಎಲೆತುಕ್ಕು ರೋಗ ಅದರ ಹತ್ತಿರ ಸುಳಿಯದೆಂದು ನಂಬಲಾಗಿತ್ತು. ಕೆಲವು ವರ್ಷಗಳಲ್ಲಿ ರೋಗವು ಅದನ್ನೂ ಹಿಡಿಯಿತು. 2007ರಲ್ಲಿ ಚಂದ್ರಗಿರಿ ಎಂಬ ಇನ್ನೊಂದು ತಳಿ ಬಂದಿತು. ಕಾಫಿಯ ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಆದ್ದರಿಂದ ವಿವೇಕಿಯಾದವನು ಒಂದು ಪಟ್ಟೆಯಲ್ಲಿ ಹೊಸದನ್ನು ನೆಟ್ಟು ನೋಡುತ್ತಾನೆ, ಉಳಿದ ಪಟ್ಟೆಗಳ ಹಳೆಯ ಗಿಡಗಳಿಂದ ಸಂಸಾರ ಸಾಗಿಸುತ್ತಾನೆ.

ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಲಿನಕ್ಸಿನ ಲೋಕದಲ್ಲಿ ಬಹುಪಾಲು ತಂತ್ರಾಂಶಗಳು ಎರಡು ರೂಪಗಳಲ್ಲಿ ದೊರೆಯುತ್ತವೆ: ಪರೀಕ್ಷೆ ಮುಗಿಸಿ ಬಳಕೆಗೆ ಬಿಟ್ಟ ಸ್ಥಿರ ಆವೃತ್ತಿ ಒಂದು, ಇನ್ನೂ ಕಟ್ಟಲ್ಪಡುತ್ತಿರುವ, ದಿನದಿನಕ್ಕೂ ಬದಲಾಗುವ ಪ್ರಯೋಗದ ಆವೃತ್ತಿ ಇನ್ನೊಂದು. ಇವೆರಡನ್ನೂ ಒಂದೇ ಯಂತ್ರದಲ್ಲಿ, ಒಂದು ಇನ್ನೊಂದನ್ನು ಕೆಡಿಸದಂತೆ, ಹೇಗೆ ಇಟ್ಟುಕೊಳ್ಳುವುದು? ಇಟ್ಟುಕೊಳ್ಳುವ ಅಗತ್ಯವಾದರೂ ನಮ್ಮಂಥವರಿಗೆ ಏನಿದೆ? ಇದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ. ಲೇಖಕನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವವನು. ಆದರೂ ಈ ವಿಷಯವು ಕಲಾ ವಿಭಾಗದವರಾದ ನಮಗೆ, ಅದರಲ್ಲಿಯೂ ಕನ್ನಡದಲ್ಲಿ ಬರೆಯುವ ನಮಗೆ, ಹೆಚ್ಚಾಗಿ ಸಂಬಂಧಿಸಿದುದೆಂದು ಮುಂದೆ ತೋರಿಸಲು ಯತ್ನಿಸಿದ್ದೇನೆ.

ಮೊದಲು ಲಿನಕ್ಸಿನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಿರುಳೇ ಲಿನಕ್ಸ್. ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದು ಈ ತಿರುಳು. ಇದನ್ನೇ ಕರ್ನೆಲ್ ಎನ್ನುವರು. ಇದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಪ್ರಕಟಿಸಿದ ಗ್ನೂ ಯೋಜನೆಯ ಸಾಧನಗಳು ತಿರುಳಿನೊಡನೆ ಕೂಡಿಕೊಂಡವು. ತಿರುಳು, ಸಾಧನಗಳು, ಅಕ್ಷರ ವಿನ್ಯಾಸಗಳು, ಬರವಣಿಗೆಯ ತಂತ್ರಾಂಶ ಇವೆಲ್ಲವನ್ನೂ ಒಟ್ಟುಮಾಡಿ ಒಂದು ಮೂಟೆಯಾಗಿ ಕೊಡುವ ಸಂಘಟನೆಗಳುಂಟು. ಅವುಗಳಲ್ಲಿ ಹಿರಿದಾದ ಡೆಬಿಯನ್ ಎಂಬುದನ್ನು 1993ರಲ್ಲಿ ಆರಂಭಿಸಿದ ಇಯಾನ್ ಮರ್ಡಾಕ್ ಆಗ ಇಪ್ಪತ್ತು ವರ್ಷದ ವಿದ್ಯಾರ್ಥಿ. ಟೋರ್ವಾಲ್ಡ್ಸರಿಗೂ ಆಗ ಇಪ್ಪತ್ತೊಂದೇ ವಯಸ್ಸು. ನಮ್ಮ ಓರಗೆಯವರು ಎಂದು ಹೇಳಿಕೊಳ್ಳಲು ಸಂತೋಷವಾಗುತ್ತದೆ. ನಾವೇನು ಮಾಡುತ್ತಿದ್ದೇವೆಂದು ಯಾರೂ ಕೇಳದಿದ್ದರೆ ಸರಿ.

ಇನ್ನು ವಿಷಯಕ್ಕೆ ಬರೋಣ. ‘ಸ್ಥಿರ’ ಎಂಬ ಮಾತನ್ನು ನಮ್ಮಲ್ಲಿ ಅನೇಕರು ‘ದೋಷವಿಲ್ಲದ್ದು’ ಎಂದು ತಿಳಿಯುತ್ತಾರೆ. ಇದು ಸರಿಯಲ್ಲ. ಸ್ಥಿರ ಆವೃತ್ತಿಯಲ್ಲಿಯೂ ದೋಷಗಳಿವೆ. ಆದರೆ ಅವು ನಿನ್ನೆ ಇದ್ದ ಕಡೆಯಲ್ಲಿಯೇ ಇಂದೂ ಇರುತ್ತವೆ. ಮಲೆನಾಡಿನ ಹಳೆಯ ಹೆಂಚಿನ ಮನೆಯನ್ನು ನೆನೆಯಿರಿ. ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆಂಬುದು ಮನೆಯವರಿಗೆಲ್ಲ ಗೊತ್ತು. ಅಲ್ಲಿ ಒಂದು ಪಾತ್ರೆ ಇಟ್ಟು ಮಲಗುತ್ತಾರೆ. ಪ್ರಯೋಗದ ಆವೃತ್ತಿಯಾದರೋ ಹೆಂಚು ಕೈಯಾಡಿಸುತ್ತಿರುವ ಮನೆ. ನಾಳೆ ಅದು ಇದಕ್ಕಿಂತ ಉತ್ತಮವಾದೀತು, ಆದರೆ ಈ ರಾತ್ರಿ ನೀರು ಯಾರ ತಲೆಯ ಮೇಲೆ ಬೀಳುವುದೋ ಹೇಳಲಾಗುವುದಿಲ್ಲ.

ಎರಡನ್ನೂ ಗುರುತಿಸಲು ಲಿನಕ್ಸ್ ತಿರುಳಿನವರು ಮೊದಲಲ್ಲಿ ಒಂದು ಸರಳ ಉಪಾಯವನ್ನು ಮಾಡಿದ್ದರು. ಆವೃತ್ತಿ ಸಂಖ್ಯೆಯಲ್ಲಿ ಎರಡನೆಯ ಅಂಕಿ ಸಮವಾಗಿದ್ದರೆ ಸ್ಥಿರ, ಬೆಸವಾಗಿದ್ದರೆ ಪ್ರಯೋಗದ್ದು. 2.2, 2.4 ಜನರ ಬಳಕೆಗೆ; 2.3, 2.5 ಕಟ್ಟುವವರ ಕೆಲಸಕ್ಕೆ. ನೋಡಲು ಎಷ್ಟು ಚೆನ್ನ! ಆದರೆ ನಡೆದದ್ದು ಬೇರೆ. 2.4 ಆವೃತ್ತಿ 2001ರ ಜನವರಿಯಲ್ಲಿ ಬಂದರೆ 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಸುಮಾರು ಮೂರು ವರ್ಷ ಹೊಸ ಯಂತ್ರಭಾಗಗಳನ್ನು ಕೊಂಡವರು ಕಾಯಬೇಕಾಯಿತು. ಕಾಯಲಾರದೆ ಮೂಟೆ ಕಟ್ಟುವ ಸಂಘಟನೆಗಳು 2.5ರಿಂದ ತಮಗೆ ಬೇಕಾದ ಭಾಗಗಳನ್ನು ಕಿತ್ತು 2.4ಕ್ಕೆ ಹೊಲಿಯತೊಡಗಿದವು. ಹೀಗೆ ಸ್ಥಿರವೆಂಬ ಹೆಸರಿನಲ್ಲಿ ಪ್ರಯೋಗವೇ ಜನರ ಕೈಸೇರಿತು. ಆದ್ದರಿಂದ 2.6ರ ತರುವಾಯ ಆ ಪದ್ಧತಿಯನ್ನೇ ಕೈಬಿಟ್ಟರು. ಈಗ ಎರಡು ವಾರ ಹೊಸದನ್ನು ಒಳಕ್ಕೆ ಸೇರಿಸುವುದು, ಅನಂತರ ಆರೇಳು ವಾರ ತಿದ್ದುವುದು. ಒಂಬತ್ತು ಹತ್ತು ವಾರಕ್ಕೆ ಒಂದು ಆವೃತ್ತಿ. ಅವುಗಳಲ್ಲಿ ಕೆಲವನ್ನು ಆರಿಸಿ ದೀರ್ಘಕಾಲ ಪೋಷಿಸುವುದು. ಸ್ಥಿರಕ್ಕೂ ಪ್ರಯೋಗಕ್ಕೂ ನಡುವೆ ಹಾದಿ ತೀರ ಉದ್ದವಾದರೆ ಜನರು ಕಳ್ಳದಾರಿ ಹುಡುಕುತ್ತಾರೆಂಬುದು ಈ ಇತಿಹಾಸದಿಂದ ನನಗೆ ತೋರುವ ಅರ್ಥ.

ಡೆಬಿಯನ್ನಿನ ಏರ್ಪಾಡು ಬೇರೆ ತೆರ. ಅಲ್ಲಿ ಮೂರು ಅಂಗಳಗಳಿವೆ: ಅಸ್ಥಿರ, ಪರೀಕ್ಷಾ, ಸ್ಥಿರ. ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಎಂಬ ಚಲನಚಿತ್ರದ ಪಾತ್ರಗಳ ಹೆಸರನ್ನಿಟ್ಟಿದ್ದಾರೆ. ಅಸ್ಥಿರಕ್ಕೆ ಮಾತ್ರ ಎಂದೆಂದಿಗೂ ಸಿಡ್ ಎಂಬ ಹೆಸರೇ. ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗ ಆತ. ಹೊಸ ತಂತ್ರಾಂಶ ಮೊದಲು ಅಸ್ಥಿರಕ್ಕೆ ಬರುತ್ತದೆ. ಅದರ ತುರ್ತನ್ನು ನೋಡಿ ಎರಡು, ಐದು ಅಥವಾ ಹತ್ತು ದಿನಗಳ ಕಾಲ ಕಾದು, ಗಂಭೀರವಾದ ಹೊಸ ದೋಷ ವರದಿಯಾಗದೆ, ಅದು ಅವಲಂಬಿಸಿದ ಇತರ ತಂತ್ರಾಂಶಗಳೂ ಸಿದ್ಧವಾಗಿದ್ದರೆ ಪರೀಕ್ಷಾ ಅಂಗಳಕ್ಕೆ ದಾಟುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಪರೀಕ್ಷಾ ಅಂಗಳದ ಬಾಗಿಲು ಮುಚ್ಚಿ, ಒಳಗಿರುವುದನ್ನು ತಿದ್ದಿ, ಸ್ಥಿರವೆಂದು ಹೊರಡಿಸುತ್ತಾರೆ. 12ನೆಯ ಆವೃತ್ತಿ 2023ರ ಜೂನಿನಲ್ಲಿಯೂ 13ನೆಯದು 2025ರ ಆಗಸ್ಟಿನಲ್ಲಿಯೂ ಹೀಗೆ ಹೊರಟವು. ಹೊರಟ ಮೇಲೆ ಸುರಕ್ಷತೆಗೆ ಸಂಬಂಧಿಸಿದ ತಿದ್ದುಪಡಿ, ಬಹಳ ಗಂಭೀರವಾದ ದೋಷಗಳ ತಿದ್ದುಪಡಿ ಇವನ್ನು ಬಿಟ್ಟರೆ ಅದನ್ನು ಮುಟ್ಟುವುದಿಲ್ಲ.

ಕನ್ನಡಿಗರಾದ ನಮಗೆ ಈ ಕೊನೆಯ ವಾಕ್ಯವು ಮುಖ್ಯವಾದುದು. ಏಕೆಂದು ಹೇಳುತ್ತೇನೆ.

ಇಂಗ್ಲಿಷ್ ಅಕ್ಷರ ತೆರೆಯ ಮೇಲೆ ಮೂಡುವುದಕ್ಕೂ ಕನ್ನಡ ಅಕ್ಷರ ಮೂಡುವುದಕ್ಕೂ ಬಹಳ ವ್ಯತ್ಯಾಸವಿದೆ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯ ಅಕ್ಷರವನ್ನು ಯಂತ್ರವು ತ, ವಿರಾಮ ಚಿಹ್ನೆ, ರ, ವಿರಾಮ ಚಿಹ್ನೆ, ಯ ಎಂದು ಐದು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ. ಅವನ್ನು ಕೂಡಿಸಿ, ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ನಮ್ಮ ಕಣ್ಣಿಗೆ ಒಪ್ಪುವಂತೆ ಮಾಡುವವು ಎರಡು: ಅಕ್ಷರ ವಿನ್ಯಾಸ, ಅಂದರೆ ಫಾಂಟು, ಮತ್ತು ಅಕ್ಷರ ಜೋಡಿಸುವ ಯಂತ್ರಾಂಗ. ಲಿನಕ್ಸಿನಲ್ಲಿ ಈ ಜೋಡಣೆಯ ಕೆಲಸ ಹಾರ್ಫ್‌ಬಜ್ ಎಂಬುದರದು. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗ್ನೋಮ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ. ಅಂದ ಮೇಲೆ ಅದರಲ್ಲಿ ಒಂದು ತಪ್ಪು ನುಸುಳಿದರೆ ಪತ್ರಿಕೆ ಓದುವ ಕಡೆಯಲ್ಲಿಯೂ ಪ್ರಬಂಧ ಬರೆಯುವ ಕಡೆಯಲ್ಲಿಯೂ ಏಕಕಾಲಕ್ಕೆ ಕನ್ನಡ ಕೆಡುತ್ತದೆ.

ಒಂದು ಉದಾಹರಣೆ. ‘ಕಾರ್ಯ’ ಎಂದು ಬರೆದಾಗ ರಕಾರವು ಅರ್ಕಾವೊತ್ತಾಗಿ ಯಕಾರದ ಮುಂದೆ ಬರುತ್ತದೆ. ‘ರ‍್ಯಾಂಕ್’ ಎಂದು ಬರೆದಾಗ ರಕಾರವೇ ದೊಡ್ಡದಾಗಿ ನಿಂತು ಯಕಾರ ಒತ್ತಾಗಿ ಕೆಳಗಿಳಿಯಬೇಕು. ಎರಡರಲ್ಲಿಯೂ ವ್ಯಂಜನಗಳು ಅವೇ, ಕ್ರಮವೂ ಅದೇ. ವ್ಯತ್ಯಾಸವನ್ನು ತೋರಿಸಲು ಯೂನಿಕೋಡಿನವರು ರಕಾರಕ್ಕೂ ವಿರಾಮ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿ ಚಿಹ್ನೆಯನ್ನು ಇಡಬೇಕೆಂದು ಗೊತ್ತುಮಾಡಿದ್ದಾರೆ. ಈ ಕಾಣದ ಚಿಹ್ನೆಯನ್ನು ಕೀಲಿಮಣೆ ಕೊಡದಿದ್ದರೆ, ತಂತ್ರಾಂಶ ನುಂಗಿಬಿಟ್ಟರೆ, ಇಲ್ಲವೆ ಫಾಂಟು ಲೆಕ್ಕಿಸದಿದ್ದರೆ ನಮ್ಮ ರ‍್ಯಾಂಕು ‘ರ್ಯಾಂಕು’ ಆಗಿ ಕೂರುತ್ತದೆ. ಇಂಥ ದೋಷ ಬರ್ಲಿನಿನಲ್ಲಿಯೋ ಬೋಸ್ಟನ್ನಿನಲ್ಲಿಯೋ ಕುಳಿತು ತಂತ್ರಾಂಶ ಪರೀಕ್ಷಿಸುವ ಸಜ್ಜನನ ಕಣ್ಣಿಗೆ ಹೇಗೆ ತಾನೆ ಬಿದ್ದೀತು? ಆತನಿಗೆ ಎರಡೂ ಸುಂದರವಾದ ಬಳ್ಳಿಗಳಂತೆ ಕಾಣುತ್ತವೆ. ಕನ್ನಡ ಓದಬಲ್ಲವರು ಪ್ರಯೋಗದ ಆವೃತ್ತಿಯನ್ನು ತೆರೆದು ನೋಡದಿದ್ದರೆ ದೋಷವು ಅಸ್ಥಿರದಿಂದ ಪರೀಕ್ಷಾ ಅಂಗಳಕ್ಕೆ, ಅಲ್ಲಿಂದ ಸ್ಥಿರಕ್ಕೆ ನಿರಾತಂಕವಾಗಿ ನಡೆದು ಹೋಗುತ್ತದೆ. ಸ್ಥಿರಕ್ಕೆ ಸೇರಿದ ಬಳಿಕ, ಅದು ‘ಬಹಳ ಗಂಭೀರ’ ಎಂದು ಅಲ್ಲಿಯವರು ಒಪ್ಪದ ಹೊರತು, ಎರಡು ವರ್ಷ ಕದಲುವುದಿಲ್ಲ.

ಕನ್ನಡಕ್ಕೆ ಲಿನಕ್ಸಿನಲ್ಲಿ ಆಸ್ತಿ ಇಲ್ಲವೆಂದು ಯಾರೂ ಭಾವಿಸಬಾರದು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಫಾಂಟುಗಳೂ ಲೋಹಿತ್ ಎಂಬುದೂ ಡೆಬಿಯನ್ನಿನ ಉಗ್ರಾಣದಲ್ಲಿಯೇ ಇವೆ. ಕೆ. ಪಿ. ರಾಯರ ಧ್ವನಿ ಆಧಾರಿತ ವಿನ್ಯಾಸದಿಂದ ಬೆಳೆದು ನುಡಿಯ ಮೂಲಕ ನಾಡಿನ ಕಚೇರಿಗಳಿಗೆಲ್ಲ ಪರಿಚಿತವಾದ ಕಗಪ ಕೀಲಿಮಣೆಯೂ ಇದೆ. ಫೈರ್‌ಫಾಕ್ಸ್, ಲಿಬ್ರೆಆಫೀಸುಗಳ ಆದೇಶಪಟ್ಟಿಗಳನ್ನು ಕನ್ನಡದಲ್ಲಿ ಓದಬಹುದು. ಇವೆಲ್ಲ ಯಾರೋ ಕೆಲವರು ತಮ್ಮ ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ. ಆಸ್ತಿ ಇದೆ, ಕಾಲಕಾಲಕ್ಕೆ ಹೋಗಿ ನೋಡಿಕೊಳ್ಳುವವರು ಸಾಲದು.

ಸರಿ, ಹಾಗಾದರೆ ಎಲ್ಲರೂ ಪ್ರಯೋಗದ ಆವೃತ್ತಿಯನ್ನೇ ಹಾಕಿಕೊಂಡುಬಿಡೋಣವೆ? ಅದೂ ಆಗದು. ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಮನೆಗೆಲ್ಲ ಇರುವುದು ಒಂದು ಹಳೆಯ ಲ್ಯಾಪ್‌ಟಾಪು. ಅದನ್ನೇ ತಂಗಿ ಪಾಠಕ್ಕೂ ಅಣ್ಣ ಅರ್ಜಿ ತುಂಬುವುದಕ್ಕೂ ಕೇಳುತ್ತಾರೆ. ಕಿರುಪ್ರಬಂಧವನ್ನು ಒಪ್ಪಿಸಬೇಕಾದ ಹಿಂದಿನ ದಿನ ಯಂತ್ರ ಮೇಲೇಳದಿದ್ದರೆ ಇನ್ನೊಂದನ್ನು ತರುವ ಅನುಕೂಲ ನಮಗಿಲ್ಲ. ಮೇಲಾಗಿ ಅಸ್ಥಿರವನ್ನು ಇಟ್ಟುಕೊಂಡವನು ದಿನವೂ ನೂರಾರು ಮೆಗಾಬೈಟುಗಳ ಹೊಸ ಕಂತುಗಳನ್ನು ಇಳಿಸಿಕೊಳ್ಳುತ್ತಿರಬೇಕು. ಸಾವಿರದ ನಾನೂರು ಮೀಟರಿಗೂ ಎತ್ತರದಲ್ಲಿರುವ ನಮ್ಮ ಕೆಮ್ಮಣ್ಣುಗುಂಡಿಯಂಥ ಸ್ಥಳದಲ್ಲಿ ಆಷಾಢದ ಗಾಳಿಮಳೆಗೆ ಮೊಬೈಲಿನ ಸಂಕೇತ ಒಂದು ಗೆರೆ ಕಂಡರೆ ಅದೇ ಭಾಗ್ಯ. ಕಂತುಗಳು ಅರ್ಧ ಕೂತು ಅರ್ಧ ಕೂರದೆ ಇರುವಾಗ ವಿದ್ಯುತ್ತು ಹೋದರೆ ಆಗುವ ಅವಾಂತರವನ್ನು ವರ್ಣಿಸಬೇಕಾಗಿಲ್ಲ. ಆದ್ದರಿಂದ ನಿತ್ಯದ ಕೆಲಸಕ್ಕೆ ಸ್ಥಿರ. ಅದರ ಪಕ್ಕದಲ್ಲಿ, ಬೇಲಿ ಹಾಕಿದ ಒಂದು ಪಟ್ಟೆಯಲ್ಲಿ, ಪ್ರಯೋಗದ್ದು.

ಈ ಬೇಲಿಯ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೆಡುವುದು ಇಲ್ಲಿಯೇ.

ಎಲ್ಲಕ್ಕಿಂತ ಅಪಾಯಕರವಾದುದು ಸುಲಭವಾಗಿ ಕಾಣುವ ದಾರಿ. ಸ್ಥಿರ ಡೆಬಿಯನ್ನಿನ ಉಗ್ರಾಣಪಟ್ಟಿಗೆ ಅಸ್ಥಿರದ ವಿಳಾಸವನ್ನೂ ಸೇರಿಸಿ, ತನಗೆ ಬೇಕಾದ ಒಂದೇ ಒಂದು ಹೊಸ ತಂತ್ರಾಂಶವನ್ನು ಅಲ್ಲಿಂದ ತರಿಸಿಕೊಳ್ಳುವುದು. ಒಂದೇ ತಾನೆ ಎನ್ನಿಸುತ್ತದೆ. ಆದರೆ ಆ ಒಂದು ಹೊಸ ಸಿ ಲೈಬ್ರರಿಯನ್ನು ಕೇಳಬಹುದು. ಸಿ ಲೈಬ್ರರಿಯೆಂದರೆ ಯಂತ್ರದಲ್ಲಿನ ಹೆಚ್ಚುಕಡಮೆ ಸಕಲ ತಂತ್ರಾಂಶಗಳೂ ಕುಡಿಯುವ ಬಾವಿ. ಅದು ಬದಲಾದಾಗ ಅದನ್ನು ನೆಚ್ಚಿದ ಇನ್ನು ಕೆಲವು ಬದಲಾಗಬೇಕು, ಅವುಗಳ ಬೆನ್ನಿಗೆ ಇನ್ನು ಕೆಲವು. ಕೊನೆಗೆ ಯಂತ್ರವು ಸ್ಥಿರವೂ ಅಲ್ಲ, ಅಸ್ಥಿರವೂ ಅಲ್ಲ. ಅಂಥ ಜೋಡಣೆಯನ್ನು ಡೆಬಿಯನ್ನಿನಲ್ಲಿ ಬೇರೆ ಯಾರೂ ಪರೀಕ್ಷಿಸಿರುವುದಿಲ್ಲ. ಇದಕ್ಕೆ ಅಲ್ಲಿಯವರೇ ‘ಫ್ರಾಂಕೆನ್‌ಡೆಬಿಯನ್’ ಎಂದು ಹೆಸರಿಟ್ಟು ಎಚ್ಚರಿಸಿದ್ದಾರೆ. 1818ರಲ್ಲಿ ಮೇರಿ ಶೆಲ್ಲಿ ಬರೆದ ಕಾದಂಬರಿಯಲ್ಲಿ ಬೇರೆ ಬೇರೆ ಹೆಣಗಳ ಅಂಗಗಳನ್ನು ಕೂಡಿಸಿ ಒಂದು ಜೀವಿಯನ್ನು ಎಬ್ಬಿಸುವ ಪ್ರಸಂಗವಿರುವುದು ನಮ್ಮ ಇಂಗ್ಲಿಷ್ ವಿಭಾಗದವರಿಗೆ ತಿಳಿದದ್ದೇ. ಹೊಸ ತಂತ್ರಾಂಶ ಬೇಕೇ ಬೇಕೆನ್ನುವವರಿಗೆ ‘ಬ್ಯಾಕ್‌ಪೋರ್ಟ್ಸ್’ ಎಂಬ ಪ್ರತ್ಯೇಕ ಉಗ್ರಾಣವುಂಟು. ಪರೀಕ್ಷಾ ಅಂಗಳದ ತಂತ್ರಾಂಶವನ್ನು ಸ್ಥಿರದ ಬಾವಿಯ ನೀರಿನಿಂದಲೇ ಮತ್ತೆ ಕಟ್ಟಿ ಅಲ್ಲಿ ಇಟ್ಟಿರುತ್ತಾರೆ.

ಎರಡನೆಯದು ಹೆಸರಿನ ಗೊಂದಲ. ನಾವು ಒಂದು ತಂತ್ರಾಂಶದ ಹೆಸರನ್ನು ಟೈಪು ಮಾಡಿದಾಗ ಯಂತ್ರವು ಕೆಲವು ಕೋಶಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಹುಡುಕುತ್ತದೆ. ಈ ಕ್ರಮಕ್ಕೆ ‘ಪಾತ್’ ಎಂದು ಹೆಸರು. ಮೂಟೆಯೊಡನೆ ಬಂದವು ‘ಯುಎಸ್ಆರ್’ ಕೋಶದಲ್ಲಿರುತ್ತವೆ, ಯಂತ್ರದ ಒಡೆಯನು ತಾನಾಗಿ ಕಟ್ಟಿಕೊಂಡವು ಅದರೊಳಗಿನ ‘ಲೋಕಲ್’ ಎಂಬ ಉಪಕೋಶದಲ್ಲಿ. ಹುಡುಕುವಾಗ ‘ಲೋಕಲ್’ ಮೊದಲು ಬರುವುದು ರೂಢಿ. ಪ್ರಯೋಗದ ತಂತ್ರಾಂಶವನ್ನು ಅದೇ ಹೆಸರಿನಲ್ಲಿ ಅಲ್ಲಿ ಇಟ್ಟರೆ, ಅಂದಿನಿಂದ ಸ್ಥಿರವು ಮನೆಯಲ್ಲಿದ್ದೂ ಇಲ್ಲದಂತೆ. ಕರೆದಾಗ ಓಗೊಡುವವನು ಹೊಸಬನೇ. ಪ್ರಯೋಗದ್ದನ್ನು ‘ಆಪ್ಟ್’ ಎಂಬ ಪ್ರತ್ಯೇಕ ಕೋಶದಲ್ಲಿಟ್ಟು ಬೇರೆ ಹೆಸರಿನಿಂದ ಕರೆಯುವುದು ಕ್ಷೇಮ. ಪೈಥಾನ್ ಭಾಷೆಯವರು ಇದನ್ನು ಬಹಳ ಕಾಲ ಚೆನ್ನಾಗಿ ನಡೆಸಿದರು. ಅದರ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂದಿತು; ಎರಡನೆಯದರ ಪೋಷಣೆ ನಿಂತದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಎರಡೂ ಬೇರೆ ಬೇರೆ ಹೆಸರಿನಿಂದ ಒಂದೇ ಯಂತ್ರದಲ್ಲಿ ಬಾಳಿದವು. ಈಗಲೂ ಡೆಬಿಯನ್ 12ರಿಂದ ಈಚೆಗೆ, ಪೈಥಾನಿನ ಹೊಸ ಕಂತುಗಳನ್ನು ಯಂತ್ರದ ಮೂಲ ಪೈಥಾನಿಗೆ ನೇರವಾಗಿ ಸೇರಿಸಲು ಹೋದರೆ ಅದು ನಿರಾಕರಿಸಿ, ನಿನಗೊಂದು ಪ್ರತ್ಯೇಕ ಕೊಠಡಿ ಮಾಡಿಕೋ ಎನ್ನುತ್ತದೆ. ಕೆಲವರಿಗೆ ಇದು ಕಿರುಕುಳವೆನಿಸಿದೆ. ನನಗಂತೂ ಒಳ್ಳೆಯ ಹಿರಿಯರ ಗದರಿಕೆಯಂತೆ ತೋರುತ್ತದೆ.

ಮೂರನೆಯದು ಹೆಚ್ಚಿನವರ ಲಕ್ಷ್ಯಕ್ಕೆ ಬಾರದಿರುವುದು. ಅದೇ ಅತಿ ಮುಖ್ಯವಾದುದು. ತಂತ್ರಾಂಶಗಳನ್ನು ಬೇರೆ ಬೇರೆ ಕಡೆ ಇಟ್ಟರೂ ಅವುಗಳ ನೆನಪಿನ ಪೆಟ್ಟಿಗೆ ಒಂದೇ ಆಗಿದ್ದರೆ ಪ್ರಯೋಜನವಿಲ್ಲ. ನಮ್ಮ ಇಷ್ಟಾನಿಷ್ಟಗಳನ್ನೂ ಉಳಿಸಿಕೊಂಡ ಗುಟ್ಟುಪದಗಳನ್ನೂ ಪುಟದ ಗುರುತುಗಳನ್ನೂ ತಂತ್ರಾಂಶವು ನಮ್ಮ ಸ್ವಂತ ಕೋಶದೊಳಗೆ, ಚುಕ್ಕಿಯಿಂದ ಆರಂಭವಾಗುವ ಹೆಸರಿನ ಕೋಶಗಳಲ್ಲಿ ಅಡಗಿಸಿಟ್ಟಿರುತ್ತದೆ. ಲಿಬ್ರೆಆಫೀಸಿನಲ್ಲಿ ಕನ್ನಡ ಬರೆಯುವವರು ತಾವು ಕಲಿಸಿಕೊಟ್ಟ ಪದಗಳ ಪಟ್ಟಿ ಇರುವುದೂ ಅಲ್ಲಿಯೇ. ತಿಂಗಳುಗಟ್ಟಲೆ ಒಂದೊಂದೇ ಪದ ಸೇರಿಸಿ ಬೆಳೆಸಿದ ಪಟ್ಟಿ ಅದು! ಪ್ರಯೋಗದ ಆವೃತ್ತಿ ಈ ಪೆಟ್ಟಿಗೆಯನ್ನು ತೆರೆದು ತನ್ನ ಹೊಸ ಕ್ರಮದಲ್ಲಿ ಜೋಡಿಸಿಬಿಟ್ಟರೆ, ಮರುದಿನ ಸ್ಥಿರವು ಬಂದು ನೋಡಿ ಅರ್ಥವಾಗದೆ ನಿಲ್ಲುತ್ತದೆ. ಈ ಕಷ್ಟವನ್ನು ಅರಿತ ಲಿಬ್ರೆಆಫೀಸಿನವರು ತಮ್ಮ ಪ್ರಯೋಗದ ಆವೃತ್ತಿಗೆ ‘ಲಿಬ್ರೆಆಫೀಸ್‌ಡೆವ್’ ಎಂಬ ಬೇರೆ ಹೆಸರನ್ನೂ ಬೇರೆ ಪೆಟ್ಟಿಗೆಯನ್ನೂ ಕೊಟ್ಟಿದ್ದಾರೆ. ಫೈರ್‌ಫಾಕ್ಸಿನವರು 2019ರಲ್ಲಿ ಬಂದ 67ನೆಯ ಆವೃತ್ತಿಯಿಂದ ಪ್ರತಿಯೊಂದು ಪ್ರತಿಗೂ ತನ್ನದೇ ಪೆಟ್ಟಿಗೆಯನ್ನು ಏರ್ಪಡಿಸಿದರು. ಹೊಸದು ಮುಟ್ಟಿದ ಪೆಟ್ಟಿಗೆಯನ್ನು ಹಳೆಯದು ತೆರೆಯಲು ಹೋದರೆ ತಡೆಯುತ್ತದೆ. ಇಂಥ ಏರ್ಪಾಡು ಇಲ್ಲದ ತಂತ್ರಾಂಶಗಳಿಗೆ ಉಪಾಯವೆಂದರೆ ಪ್ರಯೋಗಕ್ಕೆಂದೇ ಯಂತ್ರದಲ್ಲಿ ಇನ್ನೊಬ್ಬ ಬಳಕೆದಾರನನ್ನು ಸೃಷ್ಟಿಸಿಕೊಳ್ಳುವುದು. ಖರ್ಚಿಲ್ಲ, ಐದು ನಿಮಿಷದ ಕೆಲಸ. ಬರೆದ ಪ್ರಬಂಧಗಳ ವಿಷಯವೂ ಹೀಗೆಯೇ: ಪ್ರಯೋಗದ ತಂತ್ರಾಂಶದಲ್ಲಿ ತೆರೆಯಬೇಕಾದುದು ಪ್ರತಿಯನ್ನು, ಎಂದಿಗೂ ಮೂಲವನ್ನಲ್ಲ.

ತಂತ್ರಾಂಶ ಒಂದೇ ಅಲ್ಲ, ಫಾಂಟು, ಜೋಡಣೆ, ತಿರುಳು ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂದರೆ ಇಡೀ ಮೂಟೆಯನ್ನೇ ಪಕ್ಕದಲ್ಲಿ ಇಳಿಸಬೇಕಾಗುತ್ತದೆ. ಹಣವಂತರು ಇನ್ನೊಂದು ಯಂತ್ರ ಕೊಳ್ಳುತ್ತಾರೆ. ಹೆಚ್ಚು ಸ್ಮರಣಶಕ್ತಿಯುಳ್ಳ ಯಂತ್ರವಿದ್ದವರು ಅದರೊಳಗೇ ಒಂದು ಮಿಥ್ಯಾಯಂತ್ರವನ್ನು ನಡೆಸುತ್ತಾರೆ. ತಟ್ಟೆಯನ್ನು ಎರಡು ಭಾಗ ಮಾಡಿ ಒಂದೊಂದು ಭಾಗದಲ್ಲಿ ಒಂದೊಂದನ್ನು ಸ್ಥಾಪಿಸಬಹುದು. ಆಗ ಮಾತ್ರ ಇಬ್ಬರ ಸ್ವಂತ ಕೋಶವೂ ಬೇರೆಯಾಗಿರಬೇಕು, ಯಂತ್ರ ಏಳುವಾಗ ಯಾರನ್ನು ಎಬ್ಬಿಸುವುದೆಂದು ಕೇಳುವ ಗ್ರಬ್ ಎಂಬ ದ್ವಾರಪಾಲಕನು ಸ್ಥಿರದ ವಶದಲ್ಲಿರಬೇಕು. ಡೆಬಿಯನ್ ಕಟ್ಟುವವರು ಇನ್ನೊಂದು ಹಳೆಯ ವಿದ್ಯೆಯನ್ನೂ ಬಳಸುತ್ತಾರೆ. ‘ಸಿಎಚ್-ರೂಟ್’ ಎಂಬ ಇದು 1979ರ ಯೂನಿಕ್ಸಿನ ಏಳನೆಯ ಆವೃತ್ತಿಯಷ್ಟು ಹಳೆಯದು. ಸ್ಥಿರ ಯಂತ್ರದ ಒಂದು ಕೋಶದೊಳಗೆ ಅಸ್ಥಿರದ ಇಡೀ ಸಂಸಾರವನ್ನು ಇಟ್ಟು, ಆ ಕೋಶವೇ ಬ್ರಹ್ಮಾಂಡವೆಂದು ಅದನ್ನು ನಂಬಿಸುವುದು. ನಮ್ಮಂಥ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಸುಗಮವಾದ ದಾರಿ ಪೆನ್‌ಡ್ರೈವು. ಪರೀಕ್ಷಾ ಅಂಗಳದ ಅಂದಂದಿನ ಸ್ಥಿತಿಯನ್ನು ಡೆಬಿಯನ್ನಿನವರು ವಾರಕ್ಕೊಮ್ಮೆ ಪೆನ್‌ಡ್ರೈವಿನಿಂದಲೇ ಓಡಿಸಬಹುದಾದ ರೂಪದಲ್ಲಿ ಪ್ರಕಟಿಸುತ್ತಾರೆ. ಅದರಿಂದ ಯಂತ್ರವನ್ನು ಎಬ್ಬಿಸಿದರೆ ಒಳಗಿನ ತಟ್ಟೆಯನ್ನು ಮುಟ್ಟದೆಯೇ ಹೊಸದನ್ನೆಲ್ಲ ನೋಡಬಹುದು. ಪೆನ್‌ಡ್ರೈವು ಕಿತ್ತು ಮತ್ತೆ ಎಬ್ಬಿಸಿದಾಗ ಸ್ಥಿರವು ಏನೂ ನಡೆಯದವರಂತೆ ಎದ್ದು ಬರುತ್ತದೆ. ಒಂದು ಎಚ್ಚರಿಕೆ: ಡೆಬಿಯನ್ 13ನ್ನು 32 ಬಿಟ್ಟಿನ ಹಳೆಯ ಯಂತ್ರಗಳಲ್ಲಿ ಹೊಸದಾಗಿ ಸ್ಥಾಪಿಸುವಂತಿಲ್ಲ. ಗುಜರಿಯಿಂದ ಬಂದ ಯಂತ್ರವಿದ್ದವರು ಮೊದಲು ಇದನ್ನು ನೋಡಿಕೊಳ್ಳಬೇಕು.

ದೊಡ್ಡ ಪ್ರಮಾಣದಲ್ಲಿ ಇದೆಲ್ಲ ಹೇಗೆ ನಡೆಯುತ್ತದೆಂಬುದಕ್ಕೆ ಕನ್ನಡಿಗರಿಗೆ ಹತ್ತಿರವಾದ ಒಂದು ನಿದರ್ಶನ ಕಾಸರಗೋಡಿನಲ್ಲಿದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಆ ಸಂಸ್ಥೆ ಉಬುಂಟು ಎಂಬ ಮೂಟೆಯನ್ನು ಶಾಲೆಗಳಿಗೆ ತಕ್ಕಂತೆ ತಿದ್ದಿ ಹಂಚುತ್ತದೆ. ಕಾಸರಗೋಡು, ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲಿಯೇ ಅಚ್ಚಾದ ಪಠ್ಯಪುಸ್ತಕವನ್ನಿಟ್ಟುಕೊಂಡು ಲಿನಕ್ಸಿನಲ್ಲಿ ಪಾಠ ಕಲಿಯುತ್ತಾರೆ. ಉಬುಂಟುವಿನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವುದನ್ನು ಮಾತ್ರ ಐದು ವರ್ಷ ಪೋಷಿಸುತ್ತಾರೆ. ಕೈಟ್ ಸಂಸ್ಥೆ ಆರಿಸಿಕೊಂಡದ್ದು ಈ ದೀರ್ಘಾಯುಗಳನ್ನೇ. 2022ರ ಏಪ್ರಿಲಿನ ಉಬುಂಟುವನ್ನು ಆಧರಿಸಿದ ಶಾಲಾ ಆವೃತ್ತಿ ಮಕ್ಕಳ ಕೈಸೇರಿದ್ದು 2024ರಲ್ಲಿ. ಎರಡು ವರ್ಷ ಹಿಂದುಳಿದರೆಂದು ನಗುವವರು ನಗಲಿ. ಪಾಠಪುಸ್ತಕದ ಚಿತ್ರದಲ್ಲಿ ಗುಂಡಿ ಎಲ್ಲಿದೆಯೋ ತೆರೆಯ ಮೇಲೂ ಅಲ್ಲಿಯೇ ಇರಬೇಕಾದ ಕಡೆಯಲ್ಲಿ, ಪರೀಕ್ಷೆಯ ದಿನ ಎಲ್ಲ ಯಂತ್ರಗಳೂ ಒಂದೇ ರೀತಿ ನಡೆಯಬೇಕಾದ ಕಡೆಯಲ್ಲಿ, ಆ ನಿಧಾನವೇ ಸರಿ. ಅಂಥ ನಿಧಾನ ಸಾಧ್ಯವಾಗುವುದು ಬೇರೆಲ್ಲಿಯೋ ಯಾರೋ ಹೊಸದನ್ನು ಮುಂಚಿತವಾಗಿ ಓಡಿಸಿ ನೋಡುತ್ತಿರುವುದರಿಂದ ಎಂಬುದನ್ನೂ ಮರೆಯುವಂತಿಲ್ಲ.

ಸರಕಾರಿ ಕಾಲೇಜುಗಳ ಗಣಕ ಪ್ರಯೋಗಾಲಯಗಳಲ್ಲಿ ಎಲ್ಲ ಯಂತ್ರಗಳಲ್ಲಿಯೂ ಸ್ಥಿರವನ್ನಿಟ್ಟು, ಮೂಲೆಯ ಒಂದು ಯಂತ್ರವನ್ನು ಮಾತ್ರ ಪ್ರಯೋಗಕ್ಕೆ ಬಿಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅದರ ಮೇಲೆ ‘ಇಲ್ಲಿ ಪರೀಕ್ಷೆಯ ಕೆಲಸ ಮಾಡಕೂಡದು’ ಎಂದು ದಪ್ಪ ಅಕ್ಷರದ ಚೀಟಿಯೊಂದನ್ನು ಅಂಟಿಸಿದರಾಯಿತು. ತಿಂಗಳಿಗೊಮ್ಮೆ ಕನ್ನಡ ವಿಭಾಗದ ಇಬ್ಬರು ಹೋಗಿ ಕುಳಿತು, ಒಂದು ಪುಟದಷ್ಟು ಕಠಿಣವಾದ ಪದಗಳನ್ನು ಟೈಪು ಮಾಡಿ ನೋಡಬೇಕು: ಲಕ್ಷ್ಮೀ, ಸ್ವಾತಂತ್ರ್ಯ, ಕರ್ತೃ, ರಾಷ್ಟ್ರೀಯ, ವೈಶಿಷ್ಟ್ಯ, ಜ್ಯೋತ್ಸ್ನೆ, ಕಾರ್ಯ, ರ‍್ಯಾಂಕ್. ಅದೇ ಪುಟವನ್ನು ಸ್ಥಿರದ ಯಂತ್ರದಲ್ಲಿಯೂ ತೆರೆದು ಎರಡನ್ನೂ ಹೋಲಿಸಬೇಕು. ಮುದ್ರಿಸಿ ಹೋಲಿಸಿದರೆ ಇನ್ನೂ ಒಳ್ಳೆಯದು. ತೆರೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಒತ್ತು ಮುಂದಿನ ಸಾಲನ್ನು ತಾಗುವುದುಂಟು. ವ್ಯಾಕರಣ ಓದಿದವರ ಕಣ್ಣು ಇಲ್ಲಿ ಯಂತ್ರಶಾಸ್ತ್ರ ಓದಿದವರ ಕಣ್ಣಿಗಿಂತ ಹೆಚ್ಚು ಉಪಯುಕ್ತ.

ದೋಷ ಕಂಡರೆ ಏನು ಮಾಡಬೇಕು? ಡೆಬಿಯನ್ನಿನಲ್ಲಿ ‘ರಿಪೋರ್ಟ್‌ಬಗ್’ ಎಂಬ ಸಾಧನವೇ ಇದೆ. ಅದು ಯಂತ್ರದಲ್ಲಿನ ಆವೃತ್ತಿ ಸಂಖ್ಯೆಗಳನ್ನು ತಾನೇ ಓದಿ ಪತ್ರ ಸಿದ್ಧಮಾಡುತ್ತದೆ. ನಾವು ಸೇರಿಸಬೇಕಾದುದು ಮೂರು ಸಂಗತಿ: ಯಾವ ಪದವನ್ನು ಯಾವ ಕೀಲಿಗಳಿಂದ ಬರೆದೆವು, ಹೇಗೆ ಮೂಡಿತು, ಹೇಗೆ ಮೂಡಬೇಕಾಗಿತ್ತು. ತಪ್ಪು ರೂಪದ ಚಿತ್ರವನ್ನೂ ಸ್ಥಿರದಲ್ಲಿ ಸರಿಯಾಗಿ ಕಾಣುವ ರೂಪದ ಚಿತ್ರವನ್ನೂ ಒಟ್ಟಿಗೆ ಲಗತ್ತಿಸಬೇಕು. ಎರಡು ಆವೃತ್ತಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡವನಿಗೆ ಮಾತ್ರ ಈ ಎರಡನೆಯ ಚಿತ್ರ ಸಿಕ್ಕುತ್ತದೆ. ಕನ್ನಡ ಬಾರದ ತಂತ್ರಜ್ಞನಿಗೆ ಪತ್ರದ ಎಲ್ಲ ಮಾತಿಗಿಂತ ಅದೇ ಹೆಚ್ಚು ಹೇಳುತ್ತದೆ. ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುವುದು ನಿಜ. ಆದರೆ ನಾಲ್ಕು ಸರಳ ವಾಕ್ಯ ಸಾಕು, ಅಂಕ ಕೊಡುವವರು ಅಲ್ಲಿ ಯಾರೂ ಇಲ್ಲ. ಹೊತ್ತು ಮಾತ್ರ ಮೀರಬಾರದು. 13ನೆಯ ಆವೃತ್ತಿ ಹೊರಟದ್ದು 2025ರ ಆಗಸ್ಟಿನಲ್ಲಾದರೂ ಅದರ ಬಾಗಿಲು ಮುಚ್ಚಲು ತೊಡಗಿದ್ದು ಅದೇ ವರ್ಷದ ಮಾರ್ಚಿಯಲ್ಲಿ. ಅಲ್ಲಿಂದ ಮುಂದೆ ತಿಂಗಳು ಕಳೆದಂತೆ ಒಳಸೇರುವುದು ಕಷ್ಟವಾಗುತ್ತ ಹೋಗುತ್ತದೆ. 14ನೆಯದರ ಹೆಸರು ‘ಫೋರ್ಕಿ’ ಎಂದು ಈಗಾಗಲೇ ಗೊತ್ತಾಗಿದೆ.